ಹಳೇ ಪದಕ್ಕೆ ಹೊಸ ಕೆಲಸ: ವರ್ಣನೆ ಬರೆಯುವವರಿಗೆ ಒಂದು ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ಪತ್ರಿಕೆಗೆ ಲೇಖನ ಕಳಿಸಿದ್ದೆ. ಅದರಲ್ಲಿ ಒಂದು ಸಂಜೆಯ ವರ್ಣನೆ ಇತ್ತು. ನನಗೆ ಅದು ತುಂಬಾ ಇಷ್ಟವಾಗಿತ್ತು. ಪುಟ ವಾಪಸ್ ಬಂತು. ಬೈದಿರಲಿಲ್ಲ, ತಿದ್ದಿಯೂ ಇರಲಿಲ್ಲ. ಎಂಟು ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: "ಇದನ್ನು ನೀವು ನೋಡಿದ್ದೋ, ಓದಿದ್ದೋ?"

ಗೆರೆ ಎಳೆದ ಜಾಗಗಳು ಇವು: ತಂಗಾಳಿ ಬೀಸುತ್ತಿತ್ತು. ಹಕ್ಕಿಗಳ ಚಿಲಿಪಿಲಿ ಕೇಳುತ್ತಿತ್ತು. ಬಾನು ರಂಗೇರಿತ್ತು. ಹೀಗೇ ಇನ್ನೂ ಐದು. ಎರಡು ದಿನ ಮುನಿಸಿಕೊಂಡಿದ್ದೆ. ಆಮೇಲೆ ನೆನಪಾಯಿತು, ಆ ಸಂಜೆ ಗಾಳಿಯೇ ಇರಲಿಲ್ಲ. ಸೆಕೆಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ತಂಗಾಳಿ ಎಲ್ಲಿಂದ ಬಂತು? ಹಿಂದಿನ ವಾಕ್ಯದಿಂದ ತಾನಾಗೇ ಬೀಸಿಕೊಂಡು ಬಂದಿತ್ತು, ಅಷ್ಟೇ.

ವರ್ಣನೆ ಹಳಸಲಾಗುವುದು ಹೆಚ್ಚಾಗಿ ಹೀಗೆ. ಪದಸಂಪತ್ತು ಕಡಿಮೆ ಇರುವುದರಿಂದ ಅಲ್ಲ. ಒಂದು ಪದ ಬರೆದ ಕೂಡಲೇ ಅದರ ಹಳೇ ಜೊತೆಗಾರ ಪದ ಕೈಹಿಡಿದುಕೊಂಡು ಬಂದುಬಿಡುತ್ತದೆ. ನಾವು ಬಾಗಿಲು ತೆರೆದು ಒಳಗೆ ಕರೆಯುತ್ತೇವೆ. ಇದಕ್ಕೆ ಪರಿಹಾರ ಅಂತ ಕೆಲವರು ನಿಘಂಟಿನಿಂದ ಯಾರೂ ಕೇಳದ ಪದ ಹುಡುಕಿ ತರುತ್ತಾರೆ. ನನ್ನ ಅನುಭವದಲ್ಲಿ ಅದರಿಂದ ಉಪಯೋಗವಿಲ್ಲ. ಓದುಗ ಎಡವುತ್ತಾನೆ, ಚಿತ್ರ ಮಾತ್ರ ಕಾಣುವುದಿಲ್ಲ. ದಿನಾ ಬಳಸುವ ಪದಕ್ಕೆ ಅದು ಇಲ್ಲಿಯವರೆಗೆ ಮಾಡದ ಕೆಲಸ ಕೊಟ್ಟರೆ ಓದುಗನಿಗೆ ಅರ್ಥವೂ ಆಗುತ್ತದೆ, ಆಶ್ಚರ್ಯವೂ ಆಗುತ್ತದೆ. ಇದಕ್ಕೆ ಕನ್ನಡದಲ್ಲಿ ದಾರಿಗಳು ಬೇಕಾದಷ್ಟಿವೆ. ಒಂದೊಂದಾಗಿ ನೋಡೋಣ.

ಮೊದಲು ಒಂದು ಕೆಟ್ಟ ಕರಡು

ಒಂದೇ ಉದಾಹರಣೆಯನ್ನು ಕೊನೆಯವರೆಗೂ ಎಳೆದುಕೊಂಡು ಹೋಗುತ್ತೇನೆ. ಬಹಳ ದಿನ ಮುಚ್ಚಿದ್ದ ಒಂದು ಕೋಣೆಯ ಬಾಗಿಲು ತೆರೆಯುವ ದೃಶ್ಯ. ಯೋಚಿಸದೆ ಬರೆದ ಕರಡು ಹೀಗಿದೆ:

"ಬಹಳ ದಿನಗಳಿಂದ ಮುಚ್ಚಿದ್ದ ಆ ಕೋಣೆಯಲ್ಲಿ ನೀರವ ಮೌನ ಆವರಿಸಿತ್ತು. ಎಲ್ಲೆಡೆ ದೂಳು ತುಂಬಿತ್ತು. ಕಿಟಕಿಯಿಂದ ಮಂದ ಬೆಳಕು ತೂರಿ ಬರುತ್ತಿತ್ತು. ಹಳೆಯ ಗಡಿಯಾರ ನಿಂತುಹೋಗಿತ್ತು. ವಿಚಿತ್ರ ವಾಸನೆಯೊಂದು ಮೂಗಿಗೆ ಬಡಿಯಿತು."

ಇದರಲ್ಲಿ ತಪ್ಪು ಅಂತ ಏನಿಲ್ಲ. ವ್ಯಾಕರಣ ಸರಿಯಾಗಿದೆ. ಆದರೆ ಇದು ಯಾವ ಕೋಣೆ? ಯಾವುದೂ ಅಲ್ಲ. ನೀವೂ ಇಂಥದ್ದೇ ಒಂದು ಕರಡು ಬರೆದಿಟ್ಟುಕೊಳ್ಳಿ. ಕೆಟ್ಟದಾಗಿದ್ದಷ್ಟೂ ಒಳ್ಳೇದು, ತಿದ್ದಲು ಜಾಗ ಸಿಗುತ್ತದೆ.

1. ಕೈ ಅಡ್ಡ ಹಿಡಿದು ಓದಿ

ನಿಮ್ಮ ವಾಕ್ಯದ ಮೊದಲ ಪದ ಮಾತ್ರ ಕಾಣುವ ಹಾಗೆ ಉಳಿದದ್ದನ್ನು ಅಂಗೈಯಿಂದ ಮುಚ್ಚಿ. ಮುಂದಿನ ಪದವನ್ನು ಬೇರೆ ಯಾರಾದರೂ ಊಹಿಸಬಲ್ಲರಾ? "ನೀರವ" ಅಂದರೆ "ಮೌನ" ಬಂದೇ ಬರುತ್ತದೆ. "ಮೌನ" ಅಂದರೆ "ಆವರಿಸಿತ್ತು", ಇಲ್ಲವೇ "ಮಡುಗಟ್ಟಿತ್ತು". "ಕಣ್ಣು ಹಾಯಿಸಿದಷ್ಟೂ" ಅಂದರೆ "ದೂರ". ಬೆಟ್ಟ ಬಂದರೆ ಅದು ಹಸಿರು ಹೊದ್ದಿರುತ್ತದೆ. ಜಲಪಾತ ಧುಮ್ಮಿಕ್ಕುತ್ತದೆ, ಅದೂ ಹಾಲಿನ ನೊರೆಯ ಹಾಗೆ.

ಊಹಿಸಬಹುದಾದ ಜೋಡಿಗಳಿಗೆಲ್ಲ ಗೆರೆ ಎಳೆಯಿರಿ. ಈಗಲೇ ಬದಲಿಸಲು ಹೋಗಬೇಡಿ. ಇಲ್ಲಿ ಒಂದು ಮಾತು: ಇಂಥ ಎಲ್ಲಾ ಜೋಡಿಗಳೂ ಕೆಟ್ಟವಲ್ಲ. "ಮಳೆ ಬಂತು" ಅನ್ನುವುದನ್ನೂ ಯಾರಾದರೂ ಊಹಿಸಬಹುದು. ಅದು ತನ್ನ ಪಾಡಿಗೆ ಕೆಲಸ ಮಾಡುವ ಸಾದಾ ವಾಕ್ಯ. ತೊಂದರೆ ಇರುವುದು ಅಲಂಕಾರದ ವೇಷ ಹಾಕಿಕೊಂಡು ಏನನ್ನೂ ತೋರಿಸದ ಜೋಡಿಗಳಲ್ಲಿ. ಮೌನ ಮಡುಗಟ್ಟುವುದು ಒಂದು ಕಾಲದಲ್ಲಿ ನಿಜಕ್ಕೂ ಕಣ್ಣಿಗೆ ಕಟ್ಟುವ ಮಾತಾಗಿತ್ತು. ಹೊಳೆಯ ಮಡುವಿನ ಹಾಗೆ ಆಳವಾಗಿ, ಅಲುಗಾಡದೆ ನಿಂತ ಮೌನ. ಬಳಸಿ ಬಳಸಿ ಈಗ ಅದರಲ್ಲಿ ನೀರೇ ಉಳಿದಿಲ್ಲ.

2. ಹೆಸರಿಡದೆ ನೋಡಿ

ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋದವರು ಚಮತ್ಕಾರ ಮಾಡುತ್ತಾರೆ, ವರ್ಣನೆ ಮಾಡುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ಕೂರಿ.

ರಷ್ಯದ ವಿಮರ್ಶಕ ವಿಕ್ಟರ್ ಶ್ಕ್ಲೋವ್ಸ್ಕಿ 1917ರಲ್ಲಿ ಒಂದು ಪ್ರಬಂಧದಲ್ಲಿ ಹೇಳಿದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಭ್ಯಾಸವಾದ ವಸ್ತುವನ್ನು ನಾವು ನೋಡುವುದೇ ಇಲ್ಲ, ಗುರುತಿಸಿ ಮುಂದೆ ಹೋಗುತ್ತೇವೆ. ಕಲ್ಲು ಮತ್ತೆ ಕಲ್ಲು ಅನ್ನಿಸುವ ಹಾಗೆ ಮಾಡುವುದು ಕಲೆಯ ಕೆಲಸ ಅನ್ನುವುದು ಅವನ ವಾದ. ದಾರಿ ಏನು? ವಸ್ತುವನ್ನು ಮೊದಲ ಸಲ ನೋಡುವವನ ಹಾಗೆ ನೋಡುವುದು.

ಚಿಕ್ಕ ಮಕ್ಕಳಿಗೆ ಇದು ಸುಲಭ. ಬಿಸಿನೀರಿನ ಹಬೆಗೆ ಕನ್ನಡಿ ಮಸುಕಾದಾಗ ನಮ್ಮ ಮನೆಯ ಪುಟ್ಟ ಹುಡುಗಿ ಹೇಳಿದ್ದು: "ಕನ್ನಡಿಗೆ ನಾನು ಮರೆತುಹೋದೆ." ಅದರಲ್ಲಿ ಒಂದಾದರೂ ಕಷ್ಟದ ಪದ ಇದೆಯಾ? ಇಲ್ಲ. "ಮರೆತುಹೋಗು" ಅನ್ನುವ ಕ್ರಿಯೆಯನ್ನು ಕನ್ನಡಿಗೆ ಕೊಟ್ಟಳು, ಅಷ್ಟೇ. ಅವಳಿಗೆ ಅದು ಅಲಂಕಾರ ಅಂತ ಗೊತ್ತೂ ಇಲ್ಲ. ಅವಳು ನೋಡಿದ್ದನ್ನು ಹೇಳಿದಳು.

ಮಾಡುವ ವಿಧಾನ ಹೀಗೆ. ವಸ್ತುವಿನ ಎದುರು ಹತ್ತು ನಿಮಿಷ ಕೂರಿ. ಎದುರಿಗಿಲ್ಲದಿದ್ದರೆ ಕಣ್ಣು ಮುಚ್ಚಿ ನೆನಪಿನಲ್ಲಿ ಕೂರಿ. ಟಿಪ್ಪಣಿ ಬರೆಯಿರಿ. ಎರಡು ನಿಯಮ: ಹೋಲಿಕೆ ಬೇಡ, ಭಾವನೆಯ ಪದ ಬೇಡ. "ವಿಚಿತ್ರ", "ಭಯಾನಕ", "ಸುಂದರ" ಎಲ್ಲಾ ಹೊರಗೆ. ಬರೀ ಕಂಡದ್ದು, ಕೇಳಿದ್ದು, ಮುಟ್ಟಿದ್ದು. ನನ್ನ ಕೋಣೆಯ ಟಿಪ್ಪಣಿ ಹೀಗೆ ಬಂತು:

ಕೀಲಿ ಎರಡು ಸಲ ಜಾರಿತು, ಮೂರನೇ ಸಲ ತಿರುಗಿತು. ವಾಸನೆ: ಒದ್ದೆ ಬಟ್ಟೆ, ಹಳೇ ಕಾಗದ. ಕಿಟಕಿ ಸಂದಿಯಿಂದ ಒಂದು ಪಟ್ಟಿ ಬಿಸಿಲು. ದೂಳು ಆ ಪಟ್ಟಿಯಲ್ಲಿ ಮಾತ್ರ ಕಾಣುತ್ತೆ, ಆಚೆ ಹೋದರೆ ಮಾಯ. ಕ್ಯಾಲೆಂಡರ್ ಮಾರ್ಚ್‌ನಲ್ಲೇ ಇದೆ. ಫೋಟೊ ತೆಗೆದ ಜಾಗ ಉಳಿದ ಗೋಡೆಗಿಂತ ಬೆಳ್ಳಗಿದೆ. ಫ್ಯಾನಿನ ಎರಡು ರೆಕ್ಕೆಯ ನಡುವೆ ಜೇಡರ ಬಲೆ. ಕುರ್ಚಿಯ ದೂಳಿನಲ್ಲಿ ಬೆಕ್ಕಿನ ಹೆಜ್ಜೆ. ಗಡಿಯಾರದಲ್ಲಿ ನಾಲ್ಕೂ ಹತ್ತು.

ನೋಡಿ, ಇನ್ನೂ ಒಂದೂ ಹೊಸ ಪದಪ್ರಯೋಗ ಮಾಡಿಲ್ಲ. ಆದರೂ ಕರಡಿಗಿಂತ ಈ ಟಿಪ್ಪಣಿಯೇ ಹೆಚ್ಚು ಕೋಣೆ ಅನ್ನಿಸುತ್ತದೆ, ಅಲ್ವಾ? ಎಷ್ಟೋ ಸಲ ಇಲ್ಲಿಗೇ ಅರ್ಧ ಕೆಲಸ ಮುಗಿದಿರುತ್ತದೆ.

3. ಕ್ರಿಯಾಪದದ ಮೇಲೆ ಕೈ ಹಾಕಿ

ವರ್ಣನೆ ಅಂದ ಕೂಡಲೇ ಎಲ್ಲರೂ ಗುಣವಾಚಕಗಳ ಹಿಂದೆ ಓಡುತ್ತಾರೆ. ಕೆಂಪು, ದಟ್ಟ, ಮಂದ, ಮೃದು. ನಾನು ಹೇಳುವುದು ಮೊದಲು ಕ್ರಿಯಾಪದ ನೋಡಿ ಅಂತ. ಕನ್ನಡ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಬಂದು ನಿಲ್ಲುತ್ತದೆ. ಓದುಗನ ಕಿವಿಯಲ್ಲಿ ಕೊನೆಗೆ ಉಳಿಯುವುದು ಅದೇ. ಅಲ್ಲಿ ಸುಮ್ನೆ "ಇತ್ತು", "ಆಗಿತ್ತು", "ತುಂಬಿತ್ತು" ಅಂತ ಬಿಟ್ಟರೆ ಒಳ್ಳೇ ಜಾಗವನ್ನು ಖಾಲಿ ಬಿಟ್ಟ ಹಾಗೆ.

ಕ್ರಿಯಾಪದವನ್ನು ಬೇರೆ ಕೆಲಸಕ್ಕೆ ಕಳಿಸುವುದು ಆಡುಮಾತಿಗೆ ಹೊಸದಲ್ಲ. "ಹೊಡೆ" ಅನ್ನುವುದನ್ನೇ ತಗೊಳ್ಳಿ. ಬಿಸಿಲು ಹೊಡೆಯುತ್ತದೆ, ವಾಸನೆ ಹೊಡೆಯುತ್ತದೆ. ಗೊರಕೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ. ಇಷ್ಟರಲ್ಲಿ ಒಂದು ಏಟೂ ಬಿದ್ದಿಲ್ಲ! "ತಿನ್ನು" ಕೂಡ ಹಾಗೇ: ಒದೆ ತಿನ್ನುತ್ತಾರೆ, ಲಂಚ ತಿನ್ನುತ್ತಾರೆ, ತಲೆ ತಿನ್ನುತ್ತಾರೆ. ತುಕ್ಕು ಕಬ್ಬಿಣವನ್ನು ತಿನ್ನುತ್ತದೆ. ಯಾರೋ ಒಬ್ಬರು ಇವನ್ನೆಲ್ಲ ಮೊದಲ ಸಲ ಹೇಳಿದಾಗ ಕೇಳಿದವರು ನಕ್ಕಿರಬೇಕು. ನೀವು ಮಾಡಬೇಕಾದದ್ದು ಅದೇ ಆಟದ ಮುಂದಿನ ಸುತ್ತು.

ನಾನು ಬಳಸುವ ಒಂದು ಅಭ್ಯಾಸ ಇದೆ. ಯಾವುದಾದರೂ ಒಂದು ಕಸುಬು ಆರಿಸಿಕೊಳ್ಳಿ. ಆ ಕೆಲಸದವರ ಬಾಯಲ್ಲಿ ಬರುವ ಹತ್ತು ಕ್ರಿಯಾಪದ ಬರೆಯಿರಿ. ದರ್ಜಿಯದಾದರೆ: ಅಳೆ, ಕತ್ತರಿಸು, ಹೊಲಿ, ಮಡಿಸು, ಬಿಚ್ಚು, ಟಾಕಾ ಹಾಕು, ತೇಪೆ ಹಾಕು, ಅಂಚು ಕಟ್ಟು, ಗುಂಡಿ ಹಚ್ಚು, ಸಡಿಲ ಬಿಡು. ಬಡಗಿಯದಾದರೆ: ಕೀಸು, ಕೊರೆ, ಸೀಳು, ಉಜ್ಜು, ಕೂಡಿಸು, ಬೆಣೆ ಹೊಡೆ. ಈಗ ಇನ್ನೊಂದು ಕಡೆ ನಿಮ್ಮ ಟಿಪ್ಪಣಿಯ ನಾಮಪದಗಳನ್ನು ಬರೆದು, ಎರಡೂ ಪಟ್ಟಿಯ ನಡುವೆ ಗೆರೆ ಎಳೆಯುತ್ತಾ ಹೋಗಿ.

ಬಹಳಷ್ಟು ಜೋಡಿ ಕೈಕೊಡುತ್ತವೆ. "ವಾಸನೆ ಗುಂಡಿ ಹಚ್ಚಿತು": ಏನೂ ಇಲ್ಲ. "ದೂಳು ಅಂಚು ಕಟ್ಟಿತ್ತು": ಪರವಾಗಿಲ್ಲ, ಕಿಟಕಿಯ ಗಾಜಿನ ಸುತ್ತ ಕೂತ ದೂಳಿಗೆ ಆಗಬಹುದು. "ಫ್ಯಾನಿನ ಎರಡು ರೆಕ್ಕೆಗೆ ಜೇಡ ಟಾಕಾ ಹಾಕಿತ್ತು": ಇದು ಬಂತು! "ಬಿಸಿಲಿನ ಪಟ್ಟಿ ಗೋಡೆಯನ್ನು ಕೀಸುತ್ತಿತ್ತು": ಇದೂ ಬಂತು ಅನ್ನಿಸಿತು.

ಯಾಕೆ ಬಂತು ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಮುಂದಿನ ಸಲಕ್ಕೆ ಬೇಕಾಗುತ್ತದೆ. ಬಡಗಿ ಕೀಸುವಾಗ ಮೂರು ಸಂಗತಿ ಇರುತ್ತವೆ. ಉಪಕರಣ ಮರದ ಮೇಲೆ ಓರೆಯಾಗಿ, ತೆಳ್ಳಗೆ ಜಾರುತ್ತದೆ. ಸಿಪ್ಪೆಯಂಥ ಹೆರೆ ಸುರುಳಿಯಾಗಿ ಮೇಲೇಳುತ್ತದೆ. ಉಜ್ಜಿದ ಜಾಗ ಉಳಿದ ಕಡೆಗಿಂತ ತಿಳಿಯಾಗಿ ಕಾಣುತ್ತದೆ. ಬಿಸಿಲಿನ ಪಟ್ಟಿಯೂ ಗೋಡೆಯ ಮೇಲೆ ಓರೆಯಾಗಿ ಬಿದ್ದಿದೆ. ಅದರೊಳಗೆ ದೂಳು ಸುರುಳಿ ಸುತ್ತುತ್ತಿದೆ. ಬಿಸಿಲು ಬಿದ್ದ ಗೋಡೆ ತಿಳಿಯಾಗಿದೆ. ಮೂರಕ್ಕೆ ಮೂರೂ ಕೂಡಿಬಂತು. ಎರಡಾದರೂ ಕೂಡಿಬರದ ಕ್ರಿಯಾಪದವನ್ನು ನಾನು ಇಟ್ಟುಕೊಳ್ಳುವುದಿಲ್ಲ. ಒಂದೇ ಒಂದು ಹೊಂದಿದರೆ ಅದು ಬರೀ ಜಾಣತನ.

4. ಪದದ ಬಾಲ ಬದಲಿಸಿ

ಇದು ಕನ್ನಡದಲ್ಲಿ ಬರೆಯುವವರ ಕೈಯಲ್ಲಿರುವ ದೊಡ್ಡ ಸವಲತ್ತು. ಜಾಸ್ತಿ ಜನ ಇದನ್ನು ಬಳಸುವುದೇ ಇಲ್ಲ. ಪದಕ್ಕೆ ಒಂದು ಪ್ರತ್ಯಯವನ್ನೋ ಇನ್ನೊಂದು ಪದದ ತುಂಡನ್ನೋ ಅಂಟಿಸಿದರೆ ಹೊಸ ಪದ ಹುಟ್ಟುತ್ತದೆ. ಓದುಗನಿಗೆ ಎರಡೂ ತುಂಡು ಗೊತ್ತು. ಹಾಗಾಗಿ ಅರ್ಥ ಹೇಳಿಕೊಡಬೇಕಾಗಿಲ್ಲ. ಸುಮಾರು 1000 ವರ್ಷದ ಹಿಂದೆ ಕಾಶ್ಮೀರದಲ್ಲಿದ್ದ ಸಂಸ್ಕೃತ ಕಾವ್ಯಮೀಮಾಂಸಕ ಕುಂತಕ, ಮಾತಿನ ಚೆಲುವು ಇರುವುದು ವಕ್ರತೆಯಲ್ಲಿ ಅಂದ. ನೇರ ದಾರಿ ಬಿಟ್ಟು ಸ್ವಲ್ಪ ಓರೆಯಾಗಿ ನಡೆಯುವುದರಲ್ಲಿ ಅಂತ ಇಟ್ಟುಕೊಳ್ಳಿ. ಅವನು ಅದನ್ನು ಆರು ಹಂತದಲ್ಲಿ ಗುರುತಿಸಿದ. ಅಕ್ಷರಗಳ ಜೋಡಣೆಯಿಂದ ಹಿಡಿದು ಇಡೀ ಕೃತಿಯವರೆಗೆ. ಅದರಲ್ಲಿ ಒಂದು ಹಂತ ಪ್ರತ್ಯಯದ್ದೇ.

ಕೆಲವು ಬಾಲಗಳು:

"ಇಸು": ಬಣ್ಣದಿಂದ ಬಣ್ಣಿಸು, ನೆನಪಿನಿಂದ ನೆನಪಿಸು, ಕನ್ನಡದಿಂದ ಕನ್ನಡಿಸು. "ಸಂಜೆ ಕತ್ತಲಿಸಿತು" ಅಂತ ಬರೆದು ಹೊಸ ಪದ ಕಟ್ಟಿದೆ ಅಂತ ನಾನೊಮ್ಮೆ ಬೀಗಿದ್ದೆ. ಹಳೇ ಬರವಣಿಗೆಯಲ್ಲಿ ಅದು ಆಗಲೇ ಇತ್ತು. ಬೇಜಾರೇನೂ ಆಗಲಿಲ್ಲ. ಕಟ್ಟಿದ ಪದ ಹಿಂದೆಯೇ ಇತ್ತು ಅಂದರೆ ಅದು ಭಾಷೆಯ ಅಚ್ಚಿನಲ್ಲೇ ಬಂದಿದೆ ಅಂತ ಅರ್ಥ. ಹೀಗೆ ಕಟ್ಟಿದಾಗಲೆಲ್ಲ ಒಂದು ಸಲ ನಿಘಂಟು ತೆರೆದು ನೋಡಿ. 1894ರಲ್ಲಿ ಬಂದ ಕಿಟ್ಟೆಲ್ ನಿಘಂಟು ಇಂಥ ಹುಡುಕಾಟಕ್ಕೆ ಇವತ್ತಿಗೂ ಒಳ್ಳೇ ಜೊತೆ. ಬೇರೆ ಅರ್ಥ ಇದ್ದರೆ ಮೊದಲೇ ಗೊತ್ತಾಗುತ್ತದೆ, ಮುಜುಗರ ತಪ್ಪುತ್ತದೆ.

"ಆಡು": ತೂಗಾಡು, ಓಲಾಡು, ತೇಲಾಡು, ಹೊಗೆಯಾಡು. ಒಂದೇ ಕಡೆ ನಿಲ್ಲದೆ ಹಿಂದೆ ಮುಂದೆ ಚಲಿಸುವ ಭಾವ ಇದರಲ್ಲಿದೆ. ಹಾಗಾದರೆ ನೀರಿನ ಮೇಲಿನ ಬೆಳಕಿಗೆ? "ಚಾವಣಿಯ ಮೇಲೆ ನೀರಿನ ನೆರಳು ಬೆಳಕಾಡುತ್ತಿತ್ತು." ಓದಿದ ಕೂಡಲೇ ತಿಳಿಯುತ್ತದೆ.

"ಬಾಕ": ಹೊಟ್ಟೆಬಾಕನಿಂದ ಎತ್ತಿಕೊಂಡದ್ದು. ಬೆಳಕುಬಾಕ ಪರದೆ, ಜಾಗಬಾಕ ಸೋಫಾ. ತಮಾಷೆಯ ಛಾಯೆ ಬಂದೇ ಬರುತ್ತದೆ, ಹಾಗಾಗಿ ಶೋಕದ ದೃಶ್ಯದಲ್ಲಿ ಬೇಡ.

"ಗೇಡಿ": ಮಾನಗೇಡಿ, ಮತಿಗೇಡಿ. ಇರಬೇಕಾದ್ದನ್ನು ಕಳೆದುಕೊಂಡವನು. ನಿಂತ ಗಡಿಯಾರ ಕಳೆದುಕೊಂಡದ್ದು ಹೊತ್ತನ್ನು. ಹೊತ್ತುಗೇಡಿ ಗಡಿಯಾರ.

"ತನ": ದೊಡ್ಡತನ, ಹುಡುಗತನ ಗೊತ್ತಲ್ಲ. "ಅವನ ನಡಿಗೆಯಲ್ಲಿ ಒಂದು ಬೆಕ್ಕುತನ ಇತ್ತು."

ಪದಗಳ ಮುಂಭಾಗಕ್ಕೂ ಇಂಥ ಅಚ್ಚುಗಳಿವೆ: ತುತ್ತತುದಿ, ನಟ್ಟನಡು, ಕಟ್ಟಕಡೆ, ಬಟ್ಟಬಯಲು, ಹಚ್ಚಹಸಿರು. ಇವು ಎಷ್ಟು ಬಿಗಿಯಾಗಿವೆ ಅಂದರೆ ಹೊಸದು ಕಟ್ಟುವುದು ಕಷ್ಟ. ನಾನು ಮಾಡಿದ ಪ್ರಯತ್ನಗಳೆಲ್ಲ ತೊದಲಿನ ಹಾಗೆ ಕೇಳಿಸಿದವು. ಇದ್ದದ್ದನ್ನೇ ಸರಿಯಾದ ಜಾಗದಲ್ಲಿ ಬಳಸಿದರೆ ಸಾಕು.

ಒಂದು ಎಚ್ಚರಿಕೆ. ಅಂಟಿಸುವ ಎರಡು ತುಂಡುಗಳಿಗೂ ಒಂದೇ ಜಾಯಮಾನ ಇರಲಿ. 9ನೇ ಶತಮಾನದ ಕವಿರಾಜಮಾರ್ಗವೇ ಇದನ್ನು ಹೇಳಿದೆ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಹಿಂದುಮುಂದು ನೋಡದೆ ಸಮಾಸ ಮಾಡಿದರೆ, ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬೆರೆಸಿದ ಹಾಗೆ ರಸ ಕೆಡುತ್ತದೆ ಅಂತ. ಇಂಥ ಜೋಡಿಗೆ ವ್ಯಾಕರಣದಲ್ಲಿ ಅರಿಸಮಾಸ ಅನ್ನುತ್ತಾರೆ. ಶತ್ರುಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದಂತೆ. "ಧೂಳಿಗೋಡೆ" ಅನ್ನುವುದಕ್ಕಿಂತ "ದೂಳುಗೋಡೆ" ನಾಲಿಗೆಗೆ ಹಗುರ. ಕ್ರಿಯಾಪದ ಸೇರುವ ಕಡೆ ಹಳೇ ವ್ಯಾಕರಣವೂ ಈ ಬೆರಕೆಗೆ ವಿನಾಯಿತಿ ಕೊಟ್ಟಿದೆ. ಬಳಕೆಯಲ್ಲಿ ಉಳಿದುಕೊಂಡ ಬೆರಕೆಗಳೂ ಇವೆ. ಆದ್ದರಿಂದ ನಿಯಮಕ್ಕಿಂತ ನಾಲಿಗೆಯನ್ನೇ ನಂಬಿ. ಮೂರು ಸಲ ಬೇಗ ಬೇಗ ಹೇಳಿ ನೋಡಿ. ನಾಲಿಗೆ ಎಡವಿದರೆ ಬಿಡಿ.

5. ಕಿವಿಗೆ ಕೆಲಸ ಕೊಡಿ

ಸರಸರ, ಪಟಪಟ, ಜುಳುಜುಳು, ಗಿಜಿಗಿಜಿ. ವ್ಯಾಕರಣದಲ್ಲಿ ಇವು ಅನುಕರಣಾವ್ಯಯಗಳು. ಕನ್ನಡದಲ್ಲಿ ಇವು ರಾಶಿ ರಾಶಿ ಇವೆ. ಆದರೂ ಬರೆಯುವಾಗ ಹಕ್ಕಿಗೆ ಚಿಲಿಪಿಲಿ, ತೊರೆಗೆ ಜುಳುಜುಳು ಅಂತ ಹಂಚಿ ಮುಗಿಸುತ್ತೇವೆ. ಆ ಹಂಚಿಕೆಯನ್ನು ಮುರಿಯಿರಿ.

ಮೊದಲು ಇವುಗಳ ಒಳಗಿನ ಲೆಕ್ಕ ಗಮನಿಸಿ. "ಇ" ಸ್ವರ ಬಂದರೆ ಸದ್ದು ಸಾಮಾನ್ಯವಾಗಿ ಚಿಕ್ಕದು, ತೆಳ್ಳಗಿನದು: ಕಿಣಿಕಿಣಿ, ಪಿಟಿಪಿಟಿ. "ಅ" ಬಂದರೆ ಅಗಲವಾಗುತ್ತದೆ: ಗಣಗಣ, ಪಟಪಟ. "ಉ" ಬಂದರೆ ಒಳಗೆ ಅಡಗಿದ ಸದ್ದು: ಗುಸುಗುಸು, ಗುಡುಗುಡು. ವ್ಯಂಜನವೂ ಅಷ್ಟೇ. ಟಪಟಪ ಹಗುರ, ಡಬಡಬ ಭಾರ. ಪಟಪಟ ತೆಳು ಹಾಳೆ, ದಡದಡ ದಪ್ಪ ಬಾಗಿಲು. ಇದು ಕಟ್ಟುನಿಟ್ಟಾದ ನಿಯಮ ಅಲ್ಲ, ಕಿವಿಯ ಒಲವು. ಆದರೆ ಈ ಒಲವನ್ನು ಹಿಡಿದು ಸ್ವರ ಒಂದನ್ನೇ ಬದಲಿಸಿದರೆ ನಿಮಗೆ ಬೇಕಾದ ಗಾತ್ರದ ಸದ್ದು ಸಿಗುತ್ತದೆ.

ಒಂದು ಪ್ರಯೋಗ ಮಾಡಿ. ಖಾಲಿ ಬಕೆಟ್ ಇಟ್ಟು ನಲ್ಲಿ ತಿರುಗಿಸಿ, ಕಣ್ಣು ಮುಚ್ಚಿ ಕೇಳಿ. ನೀರು ಮೇಲೇರಿದ ಹಾಗೆ ಒಳಗಿನ ಗಾಳಿಯ ಜಾಗ ಗಿಡ್ಡವಾಗುತ್ತದೆ, ಸದ್ದಿನ ಸ್ವರ ಏರುತ್ತಾ ಹೋಗುತ್ತದೆ. ಕಣ್ಣು ಮುಚ್ಚಿಯೇ ಬಕೆಟ್ ತುಂಬಿತು ಅಂತ ನಮಗೆ ಗೊತ್ತಾಗುವುದು ಇದರಿಂದ. ಇದನ್ನು "ನೀರು ಜುಳುಜುಳು ತುಂಬಿತು" ಅಂದರೆ ಸುಳ್ಳಾಗುತ್ತದೆ. ನನ್ನ ಕಿವಿಗೆ ಕೇಳಿದ್ದು ಹೀಗೆ: ಮೊದಲು ದಡದಡ, ಆಮೇಲೆ ದೊಳದೊಳ, ಆಮೇಲೆ ಗುಳುಗುಳು, ಕೊನೆಗೆ ಕುಳುಕುಳು. ಬರೀ ನಾಲ್ಕು ಸದ್ದಿನಲ್ಲಿ ಬಕೆಟ್ ತುಂಬಿತು. ನಿಮ್ಮ ಕಿವಿಗೆ ಬೇರೆ ಕೇಳಿಸಬಹುದು. ಅದನ್ನೇ ಬರೆಯಿರಿ.

ಇನ್ನೊಂದು ಮಜಾ ಇದೆ. ಇವುಗಳಲ್ಲಿ ಎಷ್ಟೋ ಪದಗಳು ಸದ್ದೇ ಇಲ್ಲದ್ದಕ್ಕೆ ಸದ್ದು ಕೊಡುತ್ತವೆ. ಪಾತ್ರೆ ಥಳಥಳ ಹೊಳೆಯುತ್ತದೆ. ಮಗು ಪಿಳಿಪಿಳಿ ನೋಡುತ್ತದೆ. ಹೂವು ಘಮಘಮ ಅನ್ನುತ್ತದೆ. ಕತ್ತಲು ಗವ್ವೆನ್ನುತ್ತದೆ. ಖಾಲಿ ಬೀದಿ ಬಿಕೋ ಅನ್ನುತ್ತದೆ. ಬೀದಿ ನಿಜವಾಗಿ ಏನಾದರೂ ಅನ್ನುತ್ತಾ? ಇಲ್ಲ. ಆದರೂ ಬಿಕೋ ಅಂದ ಕೂಡಲೇ ಆ ಖಾಲಿತನ ಕಿವಿಗೇ ಬಡಿಯುತ್ತದೆ. ಹಾಗಾಗಿ ನೀವೂ ಧೈರ್ಯವಾಗಿ ನೋಟಕ್ಕೆ, ವಾಸನೆಗೆ, ಸ್ಪರ್ಶಕ್ಕೆ ಸದ್ದಿನ ಪದ ಕಟ್ಟಬಹುದು. "ಗುಟ್ಟು" ಅನ್ನುವ ಬಾಲ ಇಲ್ಲಿ ಒದಗುತ್ತದೆ: ಪಿಸುಗುಟ್ಟು, ಲೊಚಗುಟ್ಟು, ವಟಗುಟ್ಟು. ಗಡಿಯಾರ ಟಿಕಗುಟ್ಟಬಹುದು. ಹಳೇ ಟ್ಯೂಬ್‌ಲೈಟ್ ಹೊತ್ತಿಕೊಳ್ಳುವ ಮುಂಚೆ ಎರಡು ಸಲ ಪಿಳಿಗುಟ್ಟಬಹುದು.

ಒಂದು ಪುಟದಲ್ಲಿ ಇಂಥವು ಎರಡಕ್ಕಿಂತ ಹೆಚ್ಚಾದರೆ ಮಾತ್ರ ಇಡೀ ಪುಟ ಮಕ್ಕಳ ಪದ್ಯವಾಗಿಬಿಡುತ್ತದೆ.

6. ಗುಣವಾಚಕವನ್ನು ಪಕ್ಕದ ಇಂದ್ರಿಯದಿಂದ ತನ್ನಿ

ಹಸಿ ಸುಳ್ಳು. ಒಣ ಜಂಬ. ಬಿಸಿ ಸುದ್ದಿ. ಇವನ್ನು ದಿನಾ ಹೇಳುತ್ತೇವೆ. ಸುಳ್ಳನ್ನು ಯಾರೂ ಮುಟ್ಟಿ ನೋಡಿಲ್ಲ, ಆದರೂ ಅದು ಹಸಿ ಅಂತ ಎಲ್ಲರಿಗೂ ಗೊತ್ತು. ಕಣ್ಣಿನ ವಸ್ತುವಿಗೆ ಚರ್ಮದ ಪದ, ಕಿವಿಯ ವಸ್ತುವಿಗೆ ನಾಲಿಗೆಯ ಪದ ಕೊಟ್ಟು ನೋಡಿ. ಮೊಂಡು ಬೆಳಕು, ಅಂಚುಗಳನ್ನೇ ಬಿಡಿಸಿ ತೋರಿಸಲಾಗದ ಮೋಡದ ದಿನದ ಬೆಳಕು. ಜಿಡ್ಡು ಮೌನ, ಜಗಳ ಆದಮೇಲೆ ಇಬ್ಬರ ನಡುವೆ ಉಳಿದು ಎಷ್ಟು ತೊಳೆದರೂ ಹೋಗದ್ದು.

"ಹಳದಿ ಸದ್ದು" ಅಂತಲೂ ಬರೆದು ನೋಡಿದೆ. ಸೋತೆ. ಯಾವ ಸದ್ದು ಅಂತ ಹೇಳಲು ಇನ್ನೆರಡು ವಾಕ್ಯ ಬೇಕಾಯಿತು. ವಿವರಣೆ ಕೇಳುವ ಜೋಡಿಯನ್ನು ಅಲ್ಲೇ ಬಿಡಿ.

7. "ಹಾಗೆ" ತೆಗೆದು ನೋಡಿ

ಹೋಲಿಕೆ ಬೇಕೇ ಬೇಕು ಅನ್ನಿಸಿದರೆ ಮೊದಲು ಪೂರ್ತಿ ಬರೆಯಿರಿ: "ಜೇಡ ದರ್ಜಿಯ ಹಾಗೆ ಫ್ಯಾನಿನ ರೆಕ್ಕೆಗಳನ್ನು ಟಾಕಾ ಹಾಕಿ ಹೊಲಿದಿತ್ತು." ಈಗ "ದರ್ಜಿಯ ಹಾಗೆ" ತೆಗೆಯಿರಿ. ಏನಾದರೂ ಕಳೆದುಹೋಯಿತಾ? ಇಲ್ಲ. "ಟಾಕಾ" ಅಂದಾಗಲೇ ದರ್ಜಿ ಬಂದು ಹೋದ. ಓದುಗ ತಾನೇ ಕಂಡುಕೊಂಡದ್ದಕ್ಕೆ ಖುಷಿಪಡುತ್ತಾನೆ. ನಾವು ಬೆರಳು ಮಾಡಿ ತೋರಿಸಿದರೆ ಆ ಖುಷಿ ಇಲ್ಲ.

ಎರಡು ಹೋಲಿಕೆಗಳನ್ನು ಒಂದೇ ವಸ್ತುವಿನ ಮೇಲೆ ಹೇರಬೇಡಿ. ಜೇಡ ಒಂದು ಸಾಲಿನಲ್ಲಿ ದರ್ಜಿಯಾಗಿ ಮುಂದಿನ ಸಾಲಿನಲ್ಲಿ ಮೀನುಗಾರನಾದರೆ ಎರಡೂ ಸಾಯುತ್ತವೆ.

8. ಯಾರ ಕಣ್ಣು?

ಮನೆ ಮಾರಲು ಬಂದವನು ಗೋಡೆಯ ಬೆಳ್ಳಗಿನ ಚೌಕವನ್ನು ನೋಡಿ "ಬಣ್ಣ ಹೊಡೆಸಬೇಕು" ಅಂದುಕೊಳ್ಳುತ್ತಾನೆ. ಅದೇ ಮನೆಯಲ್ಲಿ ಬೆಳೆದವಳಿಗೆ ಅದು ಫೋಟೊ ಇಲ್ಲದ ಜಾಗ. ಪದಪ್ರಯೋಗ ಎಷ್ಟೇ ಹೊಸದಾಗಿರಲಿ, ನೋಡುವ ಪಾತ್ರದ ಬಾಯಿಗೆ ಒಗ್ಗದಿದ್ದರೆ ಲೇಖಕ ಮಧ್ಯೆ ತಲೆ ಹಾಕಿದ ಹಾಗಾಗುತ್ತದೆ. ನನ್ನ ಬಿಸಿಲು ಗೋಡೆಯನ್ನು "ಕೀಸುವುದು" ಬಡಗಿಯ ಮಗಳ ಕಥೆಯಲ್ಲಿ ಎರಡು ಪಟ್ಟು ಬಲವಾಗಿರುತ್ತದೆ. ಹಡಗಿನಲ್ಲಿ ದುಡಿಯುವವನ ಕಥೆಯಲ್ಲಿ ಅವನ ಕೆಲಸದಿಂದಲೇ ಇನ್ನೊಂದು ಕ್ರಿಯಾಪದ ಹುಡುಕಬೇಕು.

9. ಎಷ್ಟು ಹಾಕಬೇಕು?

ಹೊಸದಾಗಿ ಕಲಿತವರು ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಪ್ರತಿ ವಾಕ್ಯದಲ್ಲೂ ಒಂದು ಚಮತ್ಕಾರ ಇಟ್ಟರೆ ಓದುಗ ಕೋಣೆಯನ್ನು ನೋಡುವುದು ಬಿಟ್ಟು ನಿಮ್ಮನ್ನೇ ನೋಡುತ್ತಾನೆ. ನನ್ನ ಲೆಕ್ಕ: ಒಂದು ಪ್ಯಾರಾಕ್ಕೆ ಒಂದು, ಮಹಾ ಅಂದರೆ ಎರಡು. ಅದರ ಹಿಂದೆ ಮುಂದೆ ಬರೀ ಸಾದಾ ವಾಕ್ಯ. ಚಿಕ್ಕದಾಗಿದ್ದರೆ ಇನ್ನೂ ವಾಸಿ. ಸಾದಾ ವಾಕ್ಯ ಇಲ್ಲದಿದ್ದರೆ ಹೊಸ ಪದ ಎದ್ದು ಕಾಣುವುದೇ ಇಲ್ಲ.

ಆಮೇಲೆ ಮೂರು ಪರೀಕ್ಷೆ. ಗಟ್ಟಿಯಾಗಿ ಓದಿ. ನಾಚಿಕೆ ಆಗುವ ಜಾಗದಲ್ಲಿ ಏನೋ ತಪ್ಪಿದೆ. ಬೇರೊಬ್ಬರಿಗೆ ಓದಿ ಹೇಳಿ. ಅವರು "ಅಂದ್ರೆ?" ಅಂತ ಕೇಳಿದ ಪದ ತೆಗೆಯಿರಿ, ವಾದ ಮಾಡಬೇಡಿ. ಎರಡು ದಿನ ಬಿಟ್ಟು ಮತ್ತೆ ಓದಿ. ಬರೆದ ದಿನ ನನಗೆ ಅತಿ ಹೆಚ್ಚು ಇಷ್ಟವಾದ ಸಾಲನ್ನೇ ಹೆಚ್ಚಿನ ಸಲ ಹೊಡೆದುಹಾಕಿದ್ದೇನೆ.

ಆ ಕೋಣೆಗೆ ವಾಪಸ್

ಹೆಜ್ಜೆಗಳನ್ನೆಲ್ಲ ದಾಟಿ ಬಂದ ಕೋಣೆ ಇದು:

"ಕೀಲಿ ಎರಡು ಸಲ ಜಾರಿ ಮೂರನೇ ಸಲಕ್ಕೆ ಕಚ್ಚಿತು. ಒದ್ದೆ ಬಟ್ಟೆಯ, ಹಳೇ ಕಾಗದದ ವಾಸನೆ ನಾವು ಒಳಗೆ ಹೋಗುವ ಮುಂಚೆ ಹೊರಗೆ ಬಂತು. ಕಿಟಕಿಯ ಸಂದಿಯಿಂದ ಒಂದು ಪಟ್ಟಿ ಬಿಸಿಲು ಎದುರಿನ ಗೋಡೆಯನ್ನು ಕೀಸುತ್ತಿತ್ತು. ದೂಳು ಅದರೊಳಗೆ ಬಂದಾಗ ಇತ್ತು, ದಾಟಿದಾಗ ಇಲ್ಲ. ಕ್ಯಾಲೆಂಡರಿನಲ್ಲಿ ಇನ್ನೂ ಮಾರ್ಚ್. ಫೋಟೊ ಇದ್ದ ಕಡೆ ಗೋಡೆ ಚೌಕವಾಗಿ ಬೆಳ್ಳಗಿತ್ತು. ಫ್ಯಾನಿನ ಎರಡು ರೆಕ್ಕೆಗೆ ಜೇಡ ಟಾಕಾ ಹಾಕಿತ್ತು. ಕುರ್ಚಿಯ ಮೇಲೆ ಬೆಕ್ಕಿನ ಹೆಜ್ಜೆಗಳು ಹೋಗಿದ್ದವು, ವಾಪಸ್ ಬಂದಿರಲಿಲ್ಲ. ಗಡಿಯಾರ ನಾಲ್ಕೂ ಹತ್ತಕ್ಕೆ ನಿಂತಿತ್ತು."

ಮೌನ ಅನ್ನುವ ಪದ ಎಲ್ಲೂ ಇಲ್ಲ, ಗಮನಿಸಿ. ಬೇಕಾಗಲಿಲ್ಲ. ಬೆಳಕುಬಾಕ ಪರದೆಗೂ ಜಾಗ ಸಿಗಲಿಲ್ಲ. ಆ ಕೋಣೆಯಲ್ಲಿ ಪರದೆಯೇ ಇರಲಿಲ್ಲ, ತಂಗಾಳಿಯ ಪಾಠ ಒಮ್ಮೆ ಆಗಿದೆ. ಬೆಕ್ಕಿನ ಸಾಲಿನಲ್ಲಿ ಹೊಸ ಪದ ಒಂದೂ ಇಲ್ಲ. ಆದರೂ ಈ ಪ್ಯಾರಾದಲ್ಲಿ ನನಗೆ ಹೆಚ್ಚು ಇಷ್ಟ ಅದೇ, ಅಂದರೆ ಅನುಮಾನ ಪಡಬೇಕಾದದ್ದೂ ಅದರ ಮೇಲೇ. ಕೊನೇ ಸಾಲಿನಲ್ಲಿ ಸುಮ್ನೆ "ನಿಂತಿತ್ತು" ಸಾಕೋ, "ಹೊತ್ತುಗೇಡಿ" ಬೇಕೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಕೀಸುವುದು, ಟಾಕಾ ಎರಡೂ ಆಗಲೇ ಬಂದಿವೆ, ಮೂರನೆಯದು ಜಾಸ್ತಿಯಾದೀತು. ನಾಡಿದ್ದು ಇನ್ನೊಂದು ಸಲ ಗಟ್ಟಿಯಾಗಿ ಓದಿ ನೋಡುತ್ತೇನೆ.